ಮದುವೆ ಆಲ್ಬಂ ಲಿಂಕ್ ಕಳಿಸುವ ಮುಂಚೆ

ತಿಪಟೂರಿನಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಯಜಮಾನರು ಕ್ಯಾಮೆರಾ ಹಿಡಿದು ಛತ್ರದಿಂದ ಛತ್ರಕ್ಕೆ ಓಡಾಡುತ್ತಾರೆ. ನಾನು ಒಳಗೆ ಕಂಪ್ಯೂಟರ್ ಮುಂದೆ. ಫೋಟೋ ಆರಿಸುವುದು, ಬಣ್ಣ ತಿದ್ದುವುದು, ಆಲ್ಬಂ ಡಿಸೈನ್ ಮಾಡುವುದು, ಕೊನೆಗೆ ಗಿರಾಕಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಮುಟ್ಟಿಸುವುದು ಅಂದರೆ ಹಿಂದೆ ಡಿವಿಡಿ, ಆಮೇಲೆ ಪೆನ್‌ಡ್ರೈವ್, ಈಗ ಲಿಂಕ್. ಮದುಮಗಳ ಅಣ್ಣ ಬೆಂಗಳೂರಿನಲ್ಲಿ ಇರುತ್ತಾನೆ, ಚಿಕ್ಕಪ್ಪನ ಮಗ ದುಬೈನಲ್ಲಿ. ಬೀಗರ ಊಟ ಮುಗಿಯುವಷ್ಟರಲ್ಲಿ ಎಲ್ಲರಿಗೂ ಫೋಟೋ ಬೇಕು. “ಲಿಂಕ್ ಹಾಕಿದ್ರಾ ಅಕ್ಕಾ?” ಅಂತ ಫೋನ್ ಮೇಲೆ ಫೋನ್.

ಈ ಲಿಂಕ್ ಒಂದೊಂದು ಸಲ ತೆರೆಯುವುದೇ ಇಲ್ಲ. ಯಾಕೆ ಅಂತ ನೋಡಿದರೆ “ನಮ್ಮ ನಿಯಮಕ್ಕೆ ವಿರುದ್ಧವಾಗಿದೆ” ಅಂತ ಒಂದು ಸಾಲು. ನಾವು ಹಾಕಿದ ಫೈಲನ್ನು ಕ್ಲೌಡ್ (ಗೂಗಲ್ ಡ್ರೈವ್ ಥರ, ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಜಾಗ) ಕಂಪನಿಯ ಯಂತ್ರ ತೆರೆದು ನೋಡುತ್ತದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ತಿಂಗಳಿಗೆ ದುಡ್ಡು ಕಟ್ಟಿದ್ದೇವೆ, ಪಾಸ್‌ವರ್ಡ್ ಹಾಕಿದ್ದೇವೆ, ಇನ್ಯಾರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಖಾತೆ ತೆರೆಯುವಾಗ ಓದದೆ ಒಪ್ಪಿಕೊಂಡ ಷರತ್ತಿನಲ್ಲಿ ಅದು ಬರೆದೇ ಇರುತ್ತದೆ. ಸ್ಟುಡಿಯೋದವರಿಗೆ, ಡಿಟಿಪಿ ಅಂಗಡಿಯವರಿಗೆ, ಮಕ್ಕಳ ಫೋಟೋವನ್ನೆಲ್ಲ ಕ್ಲೌಡ್‌ಗೆ ತುಂಬುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ನಾನು ಕೆಲಸ ಮಾಡುವ ಕ್ರಮ ಬರೆಯುತ್ತಿದ್ದೇನೆ. ನನ್ನ ಲೆಕ್ಕ ಇಷ್ಟೇ: ಕ್ಲೌಡ್ ಇರುವುದು ಕೊಡುವುದಕ್ಕೆ. ಇಟ್ಟುಕೊಳ್ಳುವುದಕ್ಕೆ ಹಾರ್ಡ್ ಡಿಸ್ಕ್ ಇದೆ.

ಮೊದಲು, ಯಾವುದಕ್ಕೆ ಗಾಬರಿ ಬೇಡ

“ಏನಕ್ಕಾ, ನಮ್ ಮದುವೆ ಫೋಟೋದಾಗೆ ವೈರಸ್ ಐತೆ ಅಂತ ತೋರುಸ್ತೈತೆ!” ಈ ಫೋನ್ ನಮಗೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ. ಗೂಗಲ್ ಡ್ರೈವ್ 100 ಎಂಬಿಯವರೆಗಿನ ಫೈಲನ್ನು ಮಾತ್ರ ವೈರಸ್‌ಗಾಗಿ ಪರೀಕ್ಷೆ ಮಾಡುತ್ತದೆ. ಅದಕ್ಕಿಂತ ದೊಡ್ಡದಾದರೆ “ಇದನ್ನು ಪರೀಕ್ಷಿಸಲು ಆಗಲಿಲ್ಲ, ಆದರೂ ಡೌನ್‌ಲೋಡ್ ಮಾಡಬೇಕಾ?” ಅಂತ ಕೇಳುತ್ತದೆ. ವೈರಸ್ ಸಿಕ್ಕಿತು ಅಂತ ಅದು ಹೇಳುತ್ತಿಲ್ಲ. ಮದುವೆಯ ಹೈಲೈಟ್ ವಿಡಿಯೋ ಯಾವತ್ತಾದರೂ 100 ಎಂಬಿ ಒಳಗೆ ಬರುತ್ತದಾ? ಹಾಗಾಗಿ ಲಿಂಕ್ ಕಳಿಸುವಾಗಲೇ ಕೆಳಗೆ ಒಂದು ಸಾಲು ಬರೆದುಬಿಡುತ್ತೇನೆ. ಅರ್ಧ ಫೋನ್ ಕಡಿಮೆಯಾಗಿವೆ.

ಇನ್ನೊಂದು, “ತುಂಬಾ ಜನ ಈ ಫೈಲ್ ನೋಡಿದ್ದಾರೆ, ನಂತರ ಪ್ರಯತ್ನಿಸಿ” ಅನ್ನುವುದು. ಒಂದೇ ವಿಡಿಯೋವನ್ನು ಇಡೀ ನೆಂಟರ ಗುಂಪು ಒಟ್ಟಿಗೆ ಇಳಿಸಿಕೊಳ್ಳಲು ಹೋದರೆ ಹೀಗಾಗುತ್ತದೆ. ಒಂದು ದಿನ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. “ಪ್ರವೇಶಕ್ಕೆ ಅನುಮತಿ ಕೇಳಿ” ಅಂತ ಬಂದರೆ ಲಿಂಕ್‌ನ ಸೆಟ್ಟಿಂಗ್ ಬದಲಾಯಿಸಿಲ್ಲ ಅಂತ ಅರ್ಥ, ಅಷ್ಟೆ.

ನಿಜವಾದ ತಡೆ ಬೇರೆ ಥರ ಕಾಣುತ್ತದೆ. ಡ್ರೈವ್‌ನಲ್ಲಿ ಫೈಲ್ ಹೆಸರಿನ ಪಕ್ಕ ಒಂದು ಬಾವುಟದ ಗುರುತು ಬೀಳುತ್ತದೆ. ಮಾಲೀಕರಿಗೆ ಮೇಲ್ ಬರುತ್ತದೆ. ಫೈಲ್ ನಮ್ಮ ಖಾತೆಯಲ್ಲೇ ಇರುತ್ತದೆ, ಆದರೆ ಹಂಚಲು ಆಗುವುದಿಲ್ಲ. ಲಿಂಕ್ ಇದ್ದವರಿಗೂ ತೆರೆಯುವುದಿಲ್ಲ. ಹೀಗೆ ಮಾಡುತ್ತೇವೆ ಅಂತ ಗೂಗಲ್ 2021ರ ಡಿಸೆಂಬರ್‌ನಲ್ಲಿ ತಿಳಿಸಿತ್ತು. ಹಂಚುವಾಗ ಹಿಡಿಯುವ ಪದ್ಧತಿ ಅದಕ್ಕಿಂತ ಹಳೆಯದು. ಡ್ರಾಪ್‌ಬಾಕ್ಸ್‌ನಲ್ಲಿ ಇಟ್ಟ ಫೈಲನ್ನು ಹಂಚಲು ಬಿಡುತ್ತಿಲ್ಲ ಅಂತ 2014ರಲ್ಲೇ ಒಂದು ಗಲಾಟೆ ಆಗಿತ್ತು. ಹಕ್ಕುದಾರರು ಮೊದಲೇ ದೂರು ಕೊಟ್ಟ ಫೈಲ್ ಅದಾಗಿದ್ದರೆ ಲಿಂಕ್ ಮಾತ್ರ ತಡೆಯುತ್ತೇವೆ, ಫೈಲ್ ಅಳಿಸುವುದಿಲ್ಲ ಅಂತ ಆಗ ಕಂಪನಿ ಹೇಳಿತು. ಅಂದರೆ ಹಂಚುವ ಹೊತ್ತಿಗೇ ಕಾವಲು ಜಾಸ್ತಿ.

ಯಂತ್ರ ನೋಡುವುದು ಹೇಗೆ

ಮೂರು ಥರ ಇದೆ. ಇದು ತಿಳಿದಿದ್ದರೆ ಯಾವ ಫೈಲ್ ತೊಂದರೆ ಕೊಡಬಹುದು ಅಂತ ನೀವೇ ಊಹಿಸಬಹುದು.

ಒಂದು, ಹ್ಯಾಶ್. ಫೈಲನ್ನು ಒಂದು ಲೆಕ್ಕಕ್ಕೆ ಹಾಕಿದರೆ ಅಕ್ಷರ ಅಂಕಿಗಳ ಒಂದು ಸಾಲು ಬರುತ್ತದೆ. ಎಸ್‌ಎಚ್‌ಎ-256 ಅನ್ನುವ ಲೆಕ್ಕದಲ್ಲಿ ಆ ಸಾಲಿಗೆ 64 ಗುರುತು. ಫೈಲ್ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಅದೇ ಫೈಲ್ ಎಲ್ಲಿ ಹಾಕಿದರೂ ಅದೇ ಸಾಲು. ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆ. ದೂರು ಬಂದ ಸಿನಿಮಾದ ಸಾಲು ಕಂಪನಿಯ ಪಟ್ಟಿಯಲ್ಲಿದ್ದರೆ, ನಿಮ್ಮ ಫೈಲಿನ ಸಾಲು ಅದಕ್ಕೆ ಹೊಂದಿದ ಕೂಡಲೇ ತಡೆ. ಇಲ್ಲಿ ಯಾರೂ ಸಿನಿಮಾ ನೋಡಬೇಕಾಗಿಲ್ಲ, ಹೆಸರು ಬದಲಾಯಿಸಿದರೆ ಪ್ರಯೋಜನವೂ ಇಲ್ಲ. ಹೆಸರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ.

ಎರಡು, ಚಿತ್ರದ ಹೋಲಿಕೆ. ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜು ಸೇರಿ 2009ರಲ್ಲಿ ಫೋಟೋಡಿಎನ್‌ಎ ಅಂತ ಒಂದು ವಿಧಾನ ಮಾಡಿದವು. ಫೋಟೋವನ್ನು ಕಪ್ಪು ಬಿಳುಪು ಮಾಡಿ, ಒಂದೇ ಅಳತೆಗೆ ತಂದು, ಚೌಕ ಚೌಕವಾಗಿ ಬಿಡಿಸಿ, ಪ್ರತಿ ಚೌಕದಲ್ಲಿ ಬೆಳಕು ಕತ್ತಲು ಹೇಗೆ ಬದಲಾಗುತ್ತದೆ ಅಂತ ಅಳೆಯುತ್ತದೆ. ಹಾಗಾಗಿ ಸೈಜ್ ಕಡಿಮೆ ಮಾಡಿದರೂ ಗುರುತು ಸಿಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಈಗಾಗಲೇ ಪತ್ತೆಯಾದ ಚಿತ್ರಗಳು ಮತ್ತೆ ಮತ್ತೆ ಹರಡುವುದನ್ನು ತಡೆಯಲು ಇದನ್ನು ಮಾಡಿದ್ದು. ಇದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಮೂರನೆಯದು ಅಂದಾಜು. ಹಿಂದೆ ಎಲ್ಲೂ ಇಲ್ಲದ ಹೊಸ ಚಿತ್ರವನ್ನು ನೋಡಿ, ಇದು ಇಂಥದ್ದಿರಬಹುದು ಅಂತ ಯಂತ್ರ ತೀರ್ಮಾನ ಮಾಡುವುದು. ನಮ್ಮ ಎಪಿಎಂಸಿಯಲ್ಲಿ ಕೊಬ್ಬರಿ ರಾಶಿಗೆ ಕೈ ಹಾಕಿ ನೋಡಿ ದರ ಕೂಗುವವರ ಹಾಗೆ ಇದು ಕಣ್ಣಂದಾಜಿನ ಕೆಲಸ. ಅವರದ್ದು ಬಹುಪಾಲು ಸರಿಯೇ ಇರುತ್ತದೆ. ತಪ್ಪಿದಾಗ ರೈತ ಎದುರಿಗೇ ನಿಂತು ಜಗಳ ಆಡಬಹುದು. ಇಲ್ಲಿ ಎದುರಿಗೆ ಯಾರೂ ಇರುವುದಿಲ್ಲ.

ಯಂತ್ರ ತಪ್ಪುವುದಿಲ್ಲ ಅಂತ ವಾದ ಮಾಡುವವರಿಗೆ ಒಂದು ನಿಜವಾದ ಘಟನೆ. 2022ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಒಬ್ಬ ಅಧ್ಯಾಪಕಿಯ ಡ್ರೈವ್‌ನಲ್ಲಿದ್ದ ಒಂದು ಟೆಕ್ಸ್ಟ್ ಫೈಲನ್ನು ಕೃತಿಸ್ವಾಮ್ಯ ಉಲ್ಲಂಘನೆ ಅಂತ ತಡೆದರು. ಆ ಫೈಲ್ ಒಳಗೆ ಇದ್ದದ್ದು 1 ಅನ್ನುವ ಅಂಕಿ ಮಾತ್ರ. ಮರುಪರಿಶೀಲನೆ ಕೇಳಲು ಅವಕಾಶವಿಲ್ಲ ಅಂತ ಬೇರೆ ಬರೆದಿತ್ತು! ಬೇರೆಯವರು ಸೊನ್ನೆ ಹಾಕಿ ನೋಡಿದರು, ಅದಕ್ಕೂ ಅದೇ ಗತಿ. ಮ್ಯಾಕ್ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಡಿಎಸ್ ಸ್ಟೋರ್ ಅನ್ನುವ ಮರೆಯ ಫೈಲಿಗೂ ಆ ಸಮಯದಲ್ಲಿ ಬಾವುಟ ಬಿತ್ತು. ಆಮೇಲೆ ಗೂಗಲ್ ಒಪ್ಪಿಕೊಂಡು ಸರಿಮಾಡಿತು. ಅದಕ್ಕೂ ಮುಂಚೆ, 2017ರ ಅಕ್ಟೋಬರ್ 31ರಂದು, ಗೂಗಲ್ ಡಾಕ್ಸ್‌ನಲ್ಲಿ ಬರೆಯುತ್ತಾ ಕೂತಿದ್ದ ಕೆಲವರ ಕಡತಗಳೇ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿದ್ದವು. ಅದೂ ಪ್ರೋಗ್ರಾಂನ ದೋಷ.

ಕೂಸಿನ ಫೋಟೋ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಸ್ಟುಡಿಯೋಗೆ ಬರುವ ತೊಂದರೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಮತ್ತು ಯಾರೂ ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ನಮ್ಮ ಕಡೆ ಕೂಸು ಬೋರಲು ಬೀಳಲು ಶುರುಮಾಡಿದಾಗ ಬಟ್ಟೆ ಇಲ್ಲದೆ ಒಂದು ಫೋಟೋ ತೆಗೆಸುವ ರೂಢಿ ಇದೆ. ಎಷ್ಟೋ ಮನೆಗಳ ಗೋಡೆ ಮೇಲೆ ಇವತ್ತಿಗೂ ಅಂಥ ಕಪ್ಪು ಬಿಳುಪು ಫೋಟೋ ಇದೆ. ಈಗ ಎಣ್ಣೆ ನೀರು ಹಾಕುವ ವಿಡಿಯೋ ಕೂಡ ಕೇಳುತ್ತಾರೆ. ಬಾಣಂತಿ ಮನೆಯಲ್ಲಿ ಅಜ್ಜಿ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹುಯ್ಯುವುದು. ಅದರಲ್ಲಿ ಕೆಟ್ಟದ್ದು ಏನೂ ಇಲ್ಲ. ಆದರೆ ಯಂತ್ರಕ್ಕೆ ಅಜ್ಜಿ ಯಾರು ಅಂತ ಗೊತ್ತಾಗುವುದಿಲ್ಲ.

2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ತಂದೆಯ ಕತೆ ಬರೆಯಿತು. ಊರು ಸ್ಯಾನ್ ಫ್ರಾನ್ಸಿಸ್ಕೊ. 2021ರ ಫೆಬ್ರವರಿಯಲ್ಲಿ ಅವರ ಪುಟ್ಟ ಮಗನಿಗೆ ತೊಡೆಸಂದಿಯಲ್ಲಿ ಊತ ಬಂತು. ಕೊರೊನಾ ಕಾಲ, ಆಸ್ಪತ್ರೆಯವರು ಫೋಟೋ ಕಳಿಸಿ ಅಂದರು. ಇವರು ತೆಗೆದರು. ಫೋನ್ ತಾನಾಗೇ ಅದನ್ನು ಗೂಗಲ್‌ನ ಕ್ಲೌಡ್‌ಗೆ ಏರಿಸಿತು. ಎರಡು ದಿನದಲ್ಲಿ ಖಾತೆ ಬಂದ್. ಮೇಲ್ ಹೋಯಿತು, ಫೋಟೋಗಳು ಹೋದವು, ಗೂಗಲ್‌ನಿಂದಲೇ ತೆಗೆದುಕೊಂಡಿದ್ದ ಫೋನ್ ನಂಬರ್ ಕೂಡ ಹೋಯಿತು. ಪೊಲೀಸರು ತನಿಖೆ ಮಾಡಿ ಅಪರಾಧ ಏನೂ ಇಲ್ಲ ಅಂದರು. ಕಂಪನಿ ಮಾತ್ರ ಖಾತೆ ವಾಪಸ್ ಕೊಡಲಿಲ್ಲ.

ಇದು ಅಮೆರಿಕದ ಕತೆ ಅಂತ ಬಿಡಬೇಡಿ. ಅಲ್ಲಿನ ಕಂಪನಿಗಳು ಇಂಥ ಚಿತ್ರ ಕಂಡರೆ ಎನ್‌ಸಿಎಂಇಸಿ ಅನ್ನುವ ಮಕ್ಕಳ ರಕ್ಷಣಾ ಸಂಸ್ಥೆಗೆ ವರದಿ ಮಾಡಲೇಬೇಕು. ಅಲ್ಲಿನ ಕಾನೂನು ಹಾಗಿದೆ. ಆ ಸಂಸ್ಥೆಗೂ ನಮ್ಮ ದೇಶದ ಅಪರಾಧ ದಾಖಲೆಗಳ ಸಂಸ್ಥೆಯಾದ ಎನ್‌ಸಿಆರ್‌ಬಿಗೂ 2019ರಲ್ಲಿ ಒಪ್ಪಂದ ಆಗಿದೆ. ಭಾರತದ ವರದಿ ಎನ್‌ಸಿಆರ್‌ಬಿಗೆ ಬಂದು, ಅಲ್ಲಿಂದ ರಾಜ್ಯದ ಪೊಲೀಸರಿಗೆ ಹೋಗುತ್ತದೆ. ಐಟಿ ಕಾಯ್ದೆಯ 67ಬಿ ಸೆಕ್ಷನ್, ಪೋಕ್ಸೊ ಕಾಯ್ದೆ, ಎರಡೂ ಬಿಗಿಯಾದ ಕಾನೂನುಗಳು. ಬಿಗಿಯಾಗಿಯೇ ಇರಬೇಕು. ಹಾಗಂತ ಎಣ್ಣೆ ನೀರಿನ ವಿಡಿಯೋ ಹಿಡಿದುಕೊಂಡು ಯಾವ ತಾಯಿಯೂ ಠಾಣೆಯಲ್ಲಿ ವಿವರಣೆ ಕೊಡುವಂತೆ ಆಗಬಾರದು, ಅಲ್ವಾ?

ಹಾಗಾಗಿ ನಮ್ಮಲ್ಲಿ ಹೀಗೆ ಮಾಡುತ್ತೇವೆ. ಬಟ್ಟೆ ಇಲ್ಲದ ಕೂಸಿನ ಫೋಟೋ ಯಾವ ಕಾರಣಕ್ಕೂ ಕ್ಲೌಡ್‌ಗೆ ಹೋಗುವುದಿಲ್ಲ. ಶೂಟಿಂಗ್‌ಗೆ ಮುಂಚೆಯೇ ಮನೆಯವರಿಗೆ ಹೇಳಿ, ಸೊಂಟಕ್ಕೆ ಒಂದು ರೇಷ್ಮೆ ತುಂಡೋ ಪಂಚೆಯೋ ಸುತ್ತಿಸುತ್ತೇವೆ. ನೋಡಲೂ ಚೆನ್ನಾಗಿರುತ್ತದೆ. ಹಠ ಮಾಡಿ ಹಳೇ ಥರದ್ದೇ ಬೇಕು ಅಂದವರಿಗೆ ಪ್ರಿಂಟ್ ಹಾಕಿಕೊಡುತ್ತೇವೆ, ಫೈಲ್ ಕೊಡುವುದಿಲ್ಲ. “ನಮ್ ಮಗು ಫೋಟೋ ನಮಗೇ ಕೊಡಲ್ವಾ?” ಅಂತ ಕೋಪ ಮಾಡಿಕೊಂಡವರೂ ಇದ್ದಾರೆ. ಕೂರಿಸಿ ವಿವರಿಸಿದರೆ ಒಪ್ಪುತ್ತಾರೆ.

ಮನೆಯಲ್ಲಿ ಫೋನ್‌ನಲ್ಲೇ ತೆಗೆಯುವ ಅಪ್ಪ ಅಮ್ಮಂದಿರು ಗೂಗಲ್ ಫೋಟೋಸ್ ತೆರೆದು, ಮೇಲೆ ಬಲಗಡೆ ಇರುವ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ (ಫೋಟೋ ತಾನಾಗೇ ಕ್ಲೌಡ್‌ಗೆ ಏರುವ ವ್ಯವಸ್ಥೆ) ನೋಡಿ. ವಾಟ್ಸಾಪ್‌ನ ಫೋಲ್ಡರ್‌ಗಳೂ ಅದರಲ್ಲಿ ಸೇರಿಕೊಂಡಿವೆಯಾ ಅಂತ ನೋಡಿ ಬಿಡಿಸಿ. ಯಾರೋ ಗುಂಪಿಗೆ ಹಾಕಿದ ಕೊಳಕು ಚಿತ್ರ ನಿಮ್ಮ ಖಾತೆಗೆ ಏರುವುದು ಈ ದಾರಿಯಲ್ಲೇ. ಇನ್ನು ಕೂಸಿಗೆ ಎಲ್ಲೋ ಗಾದರಿ ಬಂತು, ಡಾಕ್ಟರಿಗೆ ತೋರಿಸಬೇಕು ಅಂದರೆ ಕೂಸನ್ನೇ ಕರೆದುಕೊಂಡು ಹೋಗಿ. ತಿಪಟೂರು, ತುಮಕೂರಿನಲ್ಲಿ ಮಕ್ಕಳ ಡಾಕ್ಟರಿಗೆ ಬರ ಇಲ್ಲ.

ಸಿನಿಮಾ ಹಾಡು, ಸಿನಿಮಾ, ಕ್ರ್ಯಾಕ್ ಸಾಫ್ಟ್‌ವೇರ್

ಮದುವೆ ವಿಡಿಯೋಗೆ ಸಿನಿಮಾ ಹಾಡು ಹಾಕದೆ ಇದ್ದರೆ ಗಿರಾಕಿಗೆ ಸಮಾಧಾನ ಇಲ್ಲ. ಕಾನೂನು ಇಲ್ಲಿ ಅರ್ಧ ದಾರಿ ನಮ್ಮ ಜೊತೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡು ನುಡಿಸುವುದು ಉಲ್ಲಂಘನೆ ಅಲ್ಲ ಅಂತ ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ಸಾರ್ವಜನಿಕ ಸೂಚನೆ ಹೊರಡಿಸಿ ಅದನ್ನು ಮತ್ತೆ ನೆನಪಿಸಿತು. ಆದರೆ ಅದು ಛತ್ರದಲ್ಲಿ ಹಾಡು ಹಾಕುವ ವಿಷಯ. ಅದೇ ಹಾಡನ್ನು ಕತ್ತರಿಸಿ ವಿಡಿಯೋಗೆ ಕೂರಿಸಿ ಹಂಚುವುದನ್ನು ಆ ಮಾತು ಹೇಳುವುದಿಲ್ಲ. ಯೂಟ್ಯೂಬ್‌ನಲ್ಲಂತೂ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಹಾಡನ್ನು ಕೇಳಿಯೇ ಗುರುತು ಹಿಡಿಯುತ್ತದೆ.

ನಾನು ಎರಡು ವಿಡಿಯೋ ಮಾಡುತ್ತೇನೆ. ಲಿಂಕ್‌ನಲ್ಲಿ ಹೋಗುವುದಕ್ಕೆ ಛತ್ರದಲ್ಲೇ ರೆಕಾರ್ಡ್ ಮಾಡಿದ ಓಲಗ, ಗಟ್ಟಿಮೇಳ, ಹೆಂಗಸರ ಸೋಬಾನೆ. ಇಲ್ಲದಿದ್ದರೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡ ಟ್ಯೂನ್. ಓಲಗದವರಿಗೆ ಮೊದಲೇ ಹೇಳಿ ಒಪ್ಪಿಸಿರುತ್ತೇವೆ. ಮನೆಯವರು ಟಿವಿಯಲ್ಲಿ ನೋಡುವ ಉದ್ದದ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಹೋಗುತ್ತದೆ. ನಿಜ ಹೇಳಬೇಕೆಂದರೆ ಸೋಬಾನೆ ಹಾಕಿದ ವಿಡಿಯೋ ನೋಡಿ ಅತ್ತವರು ಇದ್ದಾರೆ. ಸಿನಿಮಾ ಹಾಡಿಗೆ ಯಾರೂ ಅತ್ತಿಲ್ಲ.

ಸಿನಿಮಾ ಫೈಲಿನ ವಿಷಯ ಜಾಸ್ತಿ ಹೇಳುವುದಿಲ್ಲ. ಸ್ಟುಡಿಯೋ ಖಾತೆಯ ಪಾಸ್‌ವರ್ಡ್ ಮನೆ ಹುಡುಗರ ಕೈಗೆ ಕೊಡಬೇಡಿ. ಟೆಲಿಗ್ರಾಂನಿಂದ ಇಳಿಸಿದ ಹೊಸ ಸಿನಿಮಾವನ್ನು ಅದರಲ್ಲಿ ಹಾಕಿ ಸ್ನೇಹಿತರಿಗೆ ಲಿಂಕ್ ಕಳಿಸುತ್ತಾರೆ. ಮತ್ತೆ ಮತ್ತೆ ಆದರೆ ಹೋಗುವುದು ನಿಮ್ಮ ಖಾತೆ.

ಆಲ್ಬಂ ಡಿಸೈನ್ ಪಿಎಸ್‌ಡಿ, ಪ್ಲಗಿನ್, ಫಾಂಟ್ ಅಂತ ನಮ್ಮ ಧಂಧೆಯಲ್ಲಿ ಕೈಯಿಂದ ಕೈಗೆ ಓಡಾಡುವ ಫೋಲ್ಡರ್‌ಗಳಿವೆ. ಅವುಗಳಲ್ಲಿ ಕ್ರ್ಯಾಕ್ ಮಾಡಿದ (ದುಡ್ಡು ಕೊಡದೆ ಬಳಸಲು ಬೀಗ ಮುರಿದ) ತಂತ್ರಾಂಶದ ಇಎಕ್ಸ್‌ಇ ಫೈಲ್ ಇದ್ದೇ ಇರುತ್ತದೆ. ಗಿರಾಕಿಗೆ ಹೋಗುವ ಫೋಲ್ಡರ್‌ನಲ್ಲಿ ಜೆಪಿಜಿ ಮತ್ತು ಎಂಪಿ4 ಬಿಟ್ಟು ಬೇರೆ ಏನೂ ಇರಬಾರದು. ಪ್ರಾಜೆಕ್ಟ್ ಫೋಲ್ಡರನ್ನು ಹಾಗೇ ಎತ್ತಿ ಕ್ಲೌಡ್‌ಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಖಾತೆ, ಫೋಲ್ಡರ್, ಲಿಂಕ್

ಅರಸೀಕೆರೆ ಕಡೆ ನಮಗೆ ಪರಿಚಯದ ಒಬ್ಬ ಫೋಟೋಗ್ರಾಫರ್ ಇದ್ದಾರೆ. ಬ್ಯಾಂಕಿನ ಮೇಲ್, ಗಿರಾಕಿಗಳ ನಂಬರ್, ಮಗಳ ಕಾಲೇಜು ಅರ್ಜಿ, ಮದುವೆ ಫೋಟೋ, ಎಲ್ಲಕ್ಕೂ ಒಂದೇ ಖಾತೆ. ಒಂದು ಕ್ಲೌಡ್ ಕಂಪನಿ ಅದನ್ನು ಮುಚ್ಚಿತು. ಯಾವ ಫೈಲಿಗೆ ಅಂತಲೂ ಸರಿಯಾಗಿ ಹೇಳಲಿಲ್ಲ. ಫೋಟೋಗಳು ಡಿಸ್ಕ್‌ನಲ್ಲಿದ್ದವು, ಅವು ಉಳಿದವು. ಆದರೆ ಬೇರೆ ಎಲ್ಲ ಕಡೆ ಪಾಸ್‌ವರ್ಡ್ ಮರೆತಾಗ ಒಟಿಪಿ ಬರುತ್ತಿದ್ದದ್ದು ಅದೇ ಮೇಲ್‌ಗೆ. ಆ ಸಂಕಟ ತಿಂಗಳುಗಟ್ಟಲೆ ಇತ್ತು.

ಅದಕ್ಕೇ ಖಾತೆ ಬೇರೆ ಬೇರೆ ಇಡಿ. ಬ್ಯಾಂಕ್, ಜಿಎಸ್‌ಟಿ, ಸ್ವಂತ ಮೇಲ್‌ಗೆ ಒಂದು. ಗಿರಾಕಿಗೆ ಫೋಟೋ ಕಳಿಸಲು ಮಾತ್ರ ಇನ್ನೊಂದು. ಎರಡನೆಯದಕ್ಕೆ ಏನಾದರೂ ಆದರೂ ಮನೆ ನಡೆಯಬೇಕು. ಉಚಿತ ಗೂಗಲ್ ಖಾತೆಯಲ್ಲಿ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮದುವೆ ವಿಡಿಯೋದಿಂದ ಅದು ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಬೇರೆ ಖಾತೆಗೆ ಇದೂ ಒಂದು ಕಾರಣ.

ಫೋಲ್ಡರ್ ಮಾಡುವಾಗ ಎಲ್ಲವನ್ನೂ ಒಂದೇ ದೊಡ್ಡ ಜಿಪ್ (ಹಲವು ಫೈಲ್ ಸೇರಿಸಿ ಕಟ್ಟಿದ ಒಂದು ಫೈಲ್) ಮಾಡಬೇಡಿ. ಒಳಗಿನ ಒಂದು ಫೈಲ್‌ನಿಂದ ಇಡೀ ಜಿಪ್ ನಿಲ್ಲುತ್ತದೆ. ಚಪ್ಪರ, ವರಪೂಜೆ, ಧಾರೆ, ಆರತಕ್ಷತೆ ಅಂತ ಬೇರೆ ಬೇರೆ ಫೋಲ್ಡರ್ ಮಾಡಿ. ವಿಡಿಯೋ ಪ್ರತ್ಯೇಕ ಇರಲಿ. ಹೆಸರಿನಲ್ಲಿ ಮದುಮಗಳ ಪೂರ್ತಿ ಹೆಸರು, ಫೋನ್ ನಂಬರ್ ಹಾಕಬೇಡಿ. ನಮ್ಮ ಬಿಲ್ ನಂಬರ್ ಸಾಕು. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಹಕ್ಕುದಾರರು ಅಂತ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಫೋಟೋಗ್ರಾಫರ್‌ಗಳಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ.

ಲಿಂಕ್‌ನಲ್ಲಿ ಎರಡು ಆಯ್ಕೆ: ಹೆಸರಿಸಿದವರಿಗೆ ಮಾತ್ರ, ಅಥವಾ ಲಿಂಕ್ ಇದ್ದ ಎಲ್ಲರಿಗೂ. ಮೊದಲನೆಯದೇ ಒಳ್ಳೆಯದು ಅಂತ ಪುಸ್ತಕದಲ್ಲಿ ಬರೆಯಬಹುದು. ಕಿಬ್ಬನಹಳ್ಳಿಯ ತೋಟದ ಮನೆ ಯಜಮಾನರಿಗೆ ತಮ್ಮ ಜಿಮೇಲ್ ಯಾವುದು ಅಂತ ಕೇಳಿ ನೋಡಿ! ಹಾಗಾಗಿ ಶಾಸ್ತ್ರದ ಫೋಟೋಗಳಿಗೆ ಎಲ್ಲರಿಗೂ ತೆರೆದ ಲಿಂಕ್ ಕೊಡುತ್ತೇನೆ. ಮದುಮಕ್ಕಳ ಪ್ರೀ-ವೆಡ್ಡಿಂಗ್, ಮನೆಯೊಳಗಿನ ಫೋಟೋಗಳನ್ನು ಅವರಿಬ್ಬರ ಮೇಲ್‌ಗೆ ಮಾತ್ರ. ತೆರೆದ ಲಿಂಕ್ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ನೋಡಿದ ಯಾರು ಬೇಕಾದರೂ ಡ್ರೈವ್‌ನಲ್ಲಿ ಫೈಲಿನ ಮೇಲೆ ದೂರು ಒತ್ತಬಹುದು. ಬೀಗರು ಬೀಗರ ನಡುವೆ ಮುನಿಸು ಇದ್ದರೆ ಅದೂ ಆಗುತ್ತದೆ, ನಗಬೇಡಿ. ಎಲ್ಲರೂ ಇಳಿಸಿಕೊಂಡ ಮೇಲೆ ಲಿಂಕ್ ಮುಚ್ಚಿ, ಫೈಲ್ ಅಳಿಸಿ.

ಅಳಿಸಲು ಧೈರ್ಯ ಬರಬೇಕಾದರೆ ಬೇರೆ ಪ್ರತಿ ಇರಬೇಕು. ಕಾರ್ಡ್‌ನಿಂದ ಇಳಿಸಿದ ದಿನವೇ ಎರಡು ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ. ಒಂದು ಅಂಗಡಿಯಲ್ಲಿ, ಒಂದು ನೊಣವಿನಕೆರೆಯ ತವರುಮನೆಯಲ್ಲಿ. ಕ್ಲೌಡ್ ಮೂರನೆಯದು. ಕ್ಲೌಡ್‌ನಲ್ಲಿ ಹಾಕಿ ಮರೆತುಬಿಡುವವರಿಗೆ ಇನ್ನೊಂದು ಮಾತು: ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲೇ ನಿಯಮ ಮಾಡಿದೆ.

ಬೀಗ ಹಾಕಿ ಕಳಿಸಿದರೆ?

ಸ್ವಂತ ಕಾಗದಪತ್ರ, ಗಿರಾಕಿಗಳ ಲೆಕ್ಕ, ಮನೆಯ ಫೋಟೋ ಕ್ಲೌಡ್‌ನಲ್ಲಿ ಇಡಲೇಬೇಕು ಅಂದರೆ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಓದಲು ಆಗದ ಹಾಗೆ ಮಾಡಿ, ಇಡಿ. ಕ್ರಿಪ್ಟೊಮೇಟರ್ ಅನ್ನುವ ತಂತ್ರಾಂಶ ಕಂಪ್ಯೂಟರ್‌ಗೆ ಉಚಿತ. ಡ್ರೈವ್ ಒಳಗೇ ಒಂದು ಬೀಗದ ಫೋಲ್ಡರ್ ಮಾಡುತ್ತದೆ. 7-ಜಿಪ್ ಕೂಡ ಆಗುತ್ತದೆ. ಅದರಲ್ಲಿ 7ಝಡ್ ಬಗೆ ಆರಿಸಿ, ಫೈಲ್ ಹೆಸರನ್ನೂ ಮುಚ್ಚುವ ಆಯ್ಕೆಗೆ ಟಿಕ್ ಹಾಕಿ. ಮಾಮೂಲಿ ಜಿಪ್‌ಗೆ ಪಾಸ್‌ವರ್ಡ್ ಹಾಕಿದರೆ ಒಳಗಿರುವ ಫೈಲ್‌ಗಳ ಹೆಸರು ಹೊರಗೇ ಕಾಣುತ್ತದೆ. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯಬೇಡಿ. ಮೈಕ್ರೋಸಾಫ್ಟ್‌ನ ಕ್ಲೌಡ್ ಪಾಸ್‌ವರ್ಡ್ ಹಾಕಿದ ಜಿಪ್ ಒಳಗೂ ವೈರಸ್ ಹುಡುಕುತ್ತಿದೆ ಅಂತ 2023ರಲ್ಲಿ ಭದ್ರತಾ ಕೆಲಸ ಮಾಡುವವರೇ ಕಂಡುಕೊಂಡರು. ಮತ್ತೆ, ಈ ಪಾಸ್‌ವರ್ಡ್ ಮರೆತರೆ ಯಾವ ಕಂಪನಿಯೂ ತೆಗೆದುಕೊಡುವುದಿಲ್ಲ. ನಮ್ಮದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ.

ಗಿರಾಕಿಗೆ ಕಳಿಸುವುದಕ್ಕೆ ಇದು ಸರಿಹೋಗುವುದಿಲ್ಲ. ಅವರ ಫೋನ್‌ನಲ್ಲಿ ತೆರೆಯಲು ಹೇಳಿಕೊಡುವುದರಲ್ಲೇ ಮುಹೂರ್ತ ಮುಗಿಯುತ್ತದೆ.

ಬಾವುಟ ಬಿದ್ದಾಗ

ಮೊದಲು ಮೇಲ್ ಅಸಲಿಯಾ ನೋಡಿ. “ನಿಮ್ಮ ಡ್ರೈವ್ ಅಳಿಸಲಾಗುತ್ತದೆ, ಇಲ್ಲಿ ಒತ್ತಿ” ಅಂತ ಬರುವ ಮೇಲ್‌ಗಳಲ್ಲಿ ಮೋಸದವೇ ಬಹಳ. ಮೇಲ್‌ನ ಬಟನ್ ಒತ್ತದೆ, ಬ್ರೌಸರ್‌ನಲ್ಲಿ ನೀವೇ ಡ್ರೈವ್ ತೆರೆದು ಫೈಲಿನ ಪಕ್ಕ ಬಾವುಟ ಇದೆಯಾ ನೋಡಿ.

ಇದ್ದರೆ, ಅದೇ ಫೈಲನ್ನು ಹೆಸರು ಬದಲಾಯಿಸಿ ಮತ್ತೆ ಮತ್ತೆ ಹಾಕಬೇಡಿ. ಬೇಕೆಂದೇ ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಫೈಲಿನ ಹೆಸರು, ತಾರೀಖು, ಅವರು ಕೊಟ್ಟ ಕಾರಣ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಗಿರಾಕಿಯನ್ನು ಕಾಯಿಸಬೇಡಿ. ಡಿಸ್ಕ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಡಿ. ದೂರದವರಿಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ, ಫೋಟೋ ಗುಣಮಟ್ಟವೂ ಕೆಡುವುದಿಲ್ಲ.

ಆಮೇಲೆ ಮರುಪರಿಶೀಲನೆ ಕೇಳಿ. ಬೈಗುಳ ಬೇಡ, ಕತೆಯೂ ಬೇಡ. ನಾನಾದರೆ ಇಷ್ಟು ಬರೆಯುತ್ತೇನೆ, ಇದನ್ನೇ ಇಂಗ್ಲಿಷಿಗೆ ಮಾಡಿಸಿ ಹಾಕಿ: “ಇದು ಇಂಥ ದಿನ ಕರ್ನಾಟಕದ ತಿಪಟೂರಿನಲ್ಲಿ ನಡೆದ ಮದುವೆಯ ವಿಡಿಯೋ. ಚಿತ್ರೀಕರಿಸಿದ್ದು ನಮ್ಮ ಸ್ಟುಡಿಯೋ. ಹಿನ್ನೆಲೆಯ ವಾದ್ಯ ಅಲ್ಲೇ ರೆಕಾರ್ಡ್ ಮಾಡಿದ್ದು. ಕುಟುಂಬದವರ ಒಪ್ಪಿಗೆ ಇದೆ. ಮೂಲ ಫೈಲ್ ನಮ್ಮಲ್ಲಿದೆ.” ಖಾತೆಯೇ ಮುಚ್ಚಿದ್ದರೆ ಲಾಗಿನ್ ಆಗುವಾಗ ಮೇಲ್ಮನವಿಯ ಜಾಗ ಕಾಣುತ್ತದೆ. ಅವಸರದಲ್ಲಿ ಒತ್ತಬೇಡಿ. ಅವಕಾಶಗಳು ಕಡಿಮೆ, ಒಂದೇ ಸಲ ಸರಿಯಾಗಿ ಬರೆಯಿರಿ. ಕೆಲವು ಸಂದರ್ಭಗಳಲ್ಲಿ ಖಾತೆ ಮುಚ್ಚಿದರೂ ಒಳಗಿನದನ್ನು ಇಳಿಸಿಕೊಳ್ಳಲು ಬಿಡುತ್ತಾರೆ. ಬಿಟ್ಟರೆ ಮೊದಲು ಆ ಕೆಲಸ ಮಾಡಿ.

ಉತ್ತರವೇ ಬರದಿದ್ದರೆ ನಮ್ಮ ದೇಶದಲ್ಲಿ ಇನ್ನೊಂದು ಬಾಗಿಲಿದೆ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ಕೇಳುವ ಅಧಿಕಾರಿಯನ್ನು ಇಟ್ಟಿರಬೇಕು. ಅವರ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರಬೇಕು. ಆ ನಿಯಮ ಬಂದಾಗ 24 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, 15 ದಿನದಲ್ಲಿ ಮುಗಿಸಬೇಕು ಅಂತ ಇತ್ತು. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದ ಒಳಗೆ ಕೇಂದ್ರ ಸರ್ಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ (ದೂರಿನ ಮೇಲ್ಮನವಿ ಕೇಳುವ ಸಮಿತಿ) ಆನ್‌ಲೈನ್‌ನಲ್ಲೇ ಹೋಗಬಹುದು. ಇಂಥ ಮೂರು ಸಮಿತಿಗಳನ್ನು 2023ರ ಜನವರಿಯಲ್ಲಿ ನೇಮಿಸಿದರು. ವಿಳಾಸ ಜಿಎಸಿ ಡಾಟ್ ಗವ್ ಡಾಟ್ ಇನ್. ಆಗ ತೆಗೆದಿಟ್ಟ ಸ್ಕ್ರೀನ್‌ಶಾಟ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ನಮ್ಮ ಬಿಲ್ ಬುಕ್‌ನ ಹಿಂಬದಿಯಲ್ಲಿ ಈ ನಾಲ್ಕು ಸಾಲು ಅಚ್ಚು ಹಾಕಿಸಿದ್ದೇವೆ, ಬೇಕಾದವರು ಬಳಸಿಕೊಳ್ಳಿ: ಲಿಂಕ್ 30 ದಿನ ಮಾತ್ರ ತೆರೆದಿರುತ್ತದೆ, ಅಷ್ಟರಲ್ಲಿ ಇಳಿಸಿಕೊಳ್ಳಿ. ದೊಡ್ಡ ಫೈಲ್ ಎಂದು ವೈರಸ್ ಎಚ್ಚರಿಕೆ ಬಂದರೆ ಗಾಬರಿ ಬೇಡ, ಮುಂದುವರಿಯಿರಿ. ಲಿಂಕ್ ತೆರೆಯದಿದ್ದರೆ ಪೆನ್‌ಡ್ರೈವ್ ತಂದುಕೊಡಿ, ಹಾಕಿಕೊಡುತ್ತೇವೆ, ಹಣ ಇಲ್ಲ. ಬಟ್ಟೆ ಇಲ್ಲದ ಮಕ್ಕಳ ಫೋಟೋ ಫೈಲ್ ರೂಪದಲ್ಲಿ ಕೊಡುವುದಿಲ್ಲ.